ಪಿಂಜಾರ ಬಂದಾನೇನೋ?

ಬಿಲ್ಲು ತಂದ ದಿನ ಹಿತ್ತಲಿಗೆ ಹೋಗಿ ಮೊದಲ ಬಾಣ ಬಿಟ್ಟೆ. ಅದು ಎಲ್ಲಿ ಬಿತ್ತು ಅಂತ ನೋಡುವಷ್ಟರಲ್ಲೇ ಒಳಗಿನಿಂದ ಅವ್ವನ ದನಿ ಬಂತು. "ಪಿಂಜಾರ ಬಂದಾನೇನೋ? ನಿಲ್ಲಂತ ಹೇಳು. ನನ್ನ ಗಾದಿ ಕಲ್ಲಾಗೇದ."

ಅವ್ವನಿಗೆ ಎಂಬತ್ತರ ಹತ್ತಿರ. ಕಿವಿ ಮಂದ. ಫೋನ್ ಪಕ್ಕದಲ್ಲೇ ಬಡಕೊಂಡರೂ ಗೊತ್ತಾಗುವುದಿಲ್ಲ. ಕುಕ್ಕರ್ ಸೀಟಿ ಎಣಿಸುವುದನ್ನು ಬಿಟ್ಟು ಎಷ್ಟೋ ವರ್ಷ ಆಯಿತು. ಅಂಥವಳಿಗೆ ಅಡುಗೆಮನೆ ದಾಟಿ, ಎರಡು ಬಾಗಿಲು ದಾಟಿ ನನ್ನ ಬಿಲ್ಲಿನ ಸಪ್ಪಳ ಕೇಳಿಸಿತ್ತು. ಅದೂ ಹತ್ತಿ ಹಿಂಜುವ ಬಿಲ್ಲಿನ ಸಪ್ಪಳದ ಹಾಗೆ. ಪುಣೆ ಕಡೆಯವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಂದಿದ್ದ ಲಾಂಗ್‌ಬೋ ಅದು. ಉದ್ದನೆಯ ಸಾದಾ ಬಿಲ್ಲು. ತೆಳ್ಳಗೆ, ಹಗುರ, ಬಿದಿರಿನ ಪಟ್ಟಿಗಳ ಮೇಲೆ ಫೈಬರ್‌ಗ್ಲಾಸ್ ಹೊದಿಕೆ. ಮೇಲೆ ಎಳೆತ 55 ಪೌಂಡ್ ಅಂತ ಬರೆದಿತ್ತು. ಆ ಅಂಕಿ ನೋಡಿಯೇ ನಾನು ಮರುಳಾಗಿದ್ದು. ಗಂಡಸಿನ ಬಿಲ್ಲು ಅಂದರೆ ಭಾರ ಇರಬೇಕು ಅಂತ ತಲೆಯಲ್ಲಿ ಕೂತಿತ್ತು.

ಅವತ್ತು ಹಿಡಿದ ಹುಚ್ಚು ಒಂದೂವರೆ ವರ್ಷ ಬಿಡಲಿಲ್ಲ. ಬಿಲ್ಲು ಭಾರ ಇರಬೇಕು, ಆದರೆ ಸಪ್ಪಳ ಮಾಡಬಾರದು, ಮೇಲಾಗಿ ಬಿಚ್ಚಿ ಚೀಲಕ್ಕೆ ಹಾಕುವಂತಿರಬೇಕು. ಈ ಮೂರನ್ನೂ ಒಂದೇ ಬಿಲ್ಲಿನಲ್ಲಿ ಹುಡುಕುತ್ತಾ ಹೋದಾಗ, ಭಾರ ಅನ್ನುವ ಮಾತನ್ನೇ ನಾನು ತಪ್ಪಾಗಿ ತಿಳಿದಿದ್ದೆ ಅಂತ ಗೊತ್ತಾಯಿತು.

ಹೊಡೆಯದ ಬಿಲ್ಲು

ವಿಜಯಪುರದ ಹಳೆ ಓಣಿಗಳಲ್ಲಿ ಬೆಳೆದವರಿಗೆ ಪಿಂಜಾರ ಕಾಕಾನ ಬಿಲ್ಲು ನೆನಪಿರುತ್ತದೆ. ಆಳುದ್ದ ಇರುತ್ತಿತ್ತು. ಒಂದು ತುದಿಗೆ ಅಗಲ ಹಲಗೆ. ಈ ತುದಿಯಿಂದ ಆ ತುದಿಗೆ ಬಿಗಿದ ತಂತಿ. ಎಡಗೈಯಲ್ಲಿ ಬಿಲ್ಲು ಹಿಡಿದು, ತಂತಿಯನ್ನು ಹತ್ತಿ ರಾಶಿಯೊಳಗೆ ಇಳಿಸಿ, ಬಲಗೈಯ ಮರದ ಬಡಿಗೆಯಿಂದ ಬಾರಿಸುತ್ತಿದ್ದ. ಟ್ಯಾಂವ್, ಟ್ಯಾಂವ್, ಟ್ಯಾಂವ್. ಗಂಟು ಕಟ್ಟಿದ್ದ ಹಳೆ ಹತ್ತಿ ಎಳೆ ಎಳೆಯಾಗಿ ಮೇಲೆ ಹಾರುತ್ತಿತ್ತು. ನಾವು ಹುಡುಗರು ಸುತ್ತ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದೆವು. ಎದ್ದಾಗ ಎಲ್ಲರ ತಲೆ ಬೆಳ್ಳಗೆ, ಮುದುಕರ ಹಾಗೆ. ಅಷ್ಟು ದೊಡ್ಡ ಬಿಲ್ಲಿಗೆ ಬಾಣ ಯಾಕಿಲ್ಲ ಅಂತ ಒಮ್ಮೆ ಕೇಳಿದ್ದೆ. ಕಾಕಾ ಕೈ ನಿಲ್ಲಿಸದೆ ಅಂದಿದ್ದ: "ಬಾಣ ಇದ್ರ ಹತ್ತಿ ಹಿಂಜೋದು ಯಾವಾಗ ತಮ್ಮಾ?"

ತಮಾಷೆಗೆ ಅಂದ ಮಾತು. ಆದರೆ ನಲವತ್ತು ವರ್ಷ ಆದಮೇಲೆ ನನ್ನ ತಲೆನೋವಿಗೆ ಉತ್ತರ ಅದರಲ್ಲೇ ಸಿಕ್ಕಿತು. ಹೆದೆ ಎಳೆದಾಗ ನಮ್ಮ ತೋಳಿನ ಬಲ ಬಿಲ್ಲಿನೊಳಗೆ ಕೂತುಕೊಳ್ಳುತ್ತದೆ. ಬಿಟ್ಟಾಗ ಆ ಬಲ ಬಾಣಕ್ಕೆ ಹೋಗಬೇಕು. ಬಾಣ ತನ್ನ ಕೈಲಾದಷ್ಟು ತಗೊಂಡು ಹೋಗುತ್ತದೆ. ಉಳಿದದ್ದು ಎಲ್ಲಿಗೆ ಹೋಗಬೇಕು? ಹೆದೆಯಲ್ಲಿ, ಬಿಲ್ಲಿನ ತೋಳುಗಳಲ್ಲಿ ನಡುಗುತ್ತದೆ. ಆ ನಡುಕದ ಒಂದು ಪಾಲು ಸಪ್ಪಳ, ಇನ್ನೊಂದು ಪಾಲು ನಮ್ಮ ಮೊಣಕೈಗೆ. ಪಿಂಜಾರ ಕಾಕಾನಿಗೆ ಆ ನಡುಕವೇ ಬೇಕು. ಅದಕ್ಕೇ ಅವನ ಬಿಲ್ಲಿಗೆ ಬಾಣ ಇಲ್ಲ. ನನಗೆ ಅದು ಬೇಡ. ಬಾಣ ಇಲ್ಲದೆ ಎಳೆದು ಹೆದೆ ಬಿಡಬಾರದು ಅಂತ ಮೊದಲ ಪಾಠದಲ್ಲೇ ಹೇಳಿಕೊಡುವುದೂ ಇದಕ್ಕೇ. ಅಷ್ಟೂ ಬಲ ಬಿಲ್ಲಿಗೇ ತಿರುಗಿ ಬಡಿದರೆ ಅದು ಸೀಳಿಹೋಗಬಹುದು. ತೀರಾ ಹಗುರ ಬಾಣ ಬಿಡುವುದು ಅಂದರೆ ಅರ್ಧ ಖಾಲಿ ಹೆದೆ ಬಿಟ್ಟ ಹಾಗೆ. ನಾನು ದಿನಕ್ಕೆ ನಲವತ್ತು ಸಲ ಅದನ್ನೇ ಮಾಡುತ್ತಿದ್ದೆ.

ಸಪ್ಪಳ ಆದರೆ ಆಗಲಿ, ನಿನಗೇನು ತೊಂದರೆ ಅಂತ ಕೇಳಬಹುದು. ಹೊರದೇಶಗಳಲ್ಲಿ ಬಿಲ್ಲಿನಿಂದ ಬೇಟೆ ಆಡುವವರಿಗೆ ಇದು ದೊಡ್ಡ ವಿಷಯ. ಹೆದೆಯ ಸದ್ದು ಬಾಣಕ್ಕಿಂತ ಮೊದಲು ಜಿಂಕೆಯ ಕಿವಿ ಮುಟ್ಟುತ್ತದೆ. ಅದು ಬೆಚ್ಚಿ ಕುಗ್ಗುತ್ತದೆ, ಬಾಣ ಮೇಲಿಂದ ಹೋಗುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಆ ಮಾತೇ ಇಲ್ಲ, ಇರಲೂಬಾರದು. ನನ್ನ ಜಿಂಕೆ ಅಂದರೆ ಹಿತ್ತಲ ಗೋಡೆಗೆ ಒರಗಿಸಿದ ಗೋಣಿಚೀಲ. ಅದು ಬೆಚ್ಚುವುದಿಲ್ಲ. ನಮ್ಮ ಕಥೆಗಳಲ್ಲಂತೂ ಬಿಲ್ಲು ಸದ್ದು ಮಾಡಿದಷ್ಟೂ ಹೆಚ್ಚುಗಾರಿಕೆ. ವೀರ ಬಂದ ಅಂದರೆ ಮೊದಲು ಬಿಲ್ಲಿನ ಟಂಕಾರ, ಆಮೇಲೆ ಅವನು. ಬಯಲಾಟದಲ್ಲಿ ಅರ್ಜುನ ಹೆದೆ ಮಿಡಿದರೆ ಮದ್ದಳೆಯವನು ಕೈ ಮುರಿಯುವ ಹಾಗೆ ಬಾರಿಸುತ್ತಾನೆ. ಊರಿನ ಬಗ್ಗೆ ಹೇಳುವುದೇ ಬೇಡ. ಗೋಳಗುಮ್ಮಟ ಹತ್ತಿದವರೆಲ್ಲ ಕೂಗಿಯೇ ಇಳಿಯಬೇಕು. ಮಲಿಕ್-ಎ-ಮೈದಾನ್ ತೋಪು 55 ಟನ್ ಭಾರ ಅಂತಾರೆ. ಅದಕ್ಕೆ ಬೆಂಕಿ ಕೊಟ್ಟವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನಂತೆ. ಭಾರ ಇದ್ದರೆ ಸಾಕು, ಸದ್ದು ತಾನೇ ಕಡಿಮೆ ಆಗುತ್ತದೆ ಅನ್ನುವವರಿಗೆ ಆ ತೊಟ್ಟಿ ತೋರಿಸಬೇಕು.

ನನ್ನ ಕಾರಣ ಸಣ್ಣದು. ಅವ್ವ ಮಧ್ಯಾಹ್ನ ಮಲಗುತ್ತಾಳೆ. ಪಕ್ಕದ ಮನೆ ಹುಡುಗಿ ಎಸ್ಸೆಸ್ಸೆಲ್ಸಿ. ಜೊತೆಗೆ ಎರಡು ತಿಂಗಳಲ್ಲಿ ನನ್ನ ಎಡ ಮೊಣಕೈ ಚಹಾ ಕಪ್ ಎತ್ತಿದರೂ ಚುಚ್ಚತೊಡಗಿತು. ಅವ್ವನಿಗೆ ಕೇಳಿಸಿದ ಟ್ಯಾಂವ್ ನನ್ನ ಮೊಣಕೈಗೂ ಕೇಳಿಸುತ್ತಿತ್ತು ಅನ್ನಿ.

ಹಲಗಲಿಗೆ ಹೊಂಟೀರೇನು?

ಬಿಚ್ಚುವ ಬಿಲ್ಲು ಬೇಕು ಅನಿಸಿದ್ದು ಬಸ್ಸಿನಲ್ಲಿ. ನಮ್ಮ ಮಾಮಾನ ಹೊಲ ಬೀಳಗಿ ಹತ್ತಿರ. ಅಲ್ಲಿ ಜೋಳದ ಕಣಿಕೆ ಬಣವೆ, ಅದರ ಹಿಂದೆ ಮಣ್ಣಿನ ದಿಬ್ಬ, ಹತ್ತಿರದಲ್ಲಿ ಯಾರೂ ಓಡಾಡುವುದಿಲ್ಲ. ಬಾಣ ಬಿಡಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಒಂದು ಭಾನುವಾರ ಐದೂವರೆ ಅಡಿ ಬಿಲ್ಲಿಗೆ ಅವ್ವನ ಹಳೆ ಸೀರೆ ಸುತ್ತಿಕೊಂಡು ಬಾಗಲಕೋಟೆ ಬಸ್ ಹತ್ತಿದೆ. ಮೇಲಿನ ರ‍್ಯಾಕ್‌ನಲ್ಲಿ ಹಿಡಿಸಲಿಲ್ಲ. ಕಾಲ ನಡುವೆ ನಿಲ್ಲಿಸಿದರೆ ತುದಿ ಮುಂದಿನ ಸೀಟಿನವರ ರುಮಾಲಿಗೆ ತಾಗುತ್ತಿತ್ತು. ಕಂಡಕ್ಟರ್ ಬಂದು ಮೇಲಿಂದ ಕೆಳಗೆ ನೋಡಿದರು. "ಏನ್ರೀ ಇದು? ಬೋರಿನ ಪೈಪೇನು?" ಅಲ್ಲ ಸರ, ಬಿಲ್ಲು ಅಂದೆ. "ಬಿಲ್ ತೋರಸ್ರಿ ಮತ್ತ" ಅಂದರು. ಬಸ್ಸಿಗೆ ಬಸ್ಸೇ ನಕ್ಕಿತು. ರುಮಾಲಿನ ಹಿರಿಯರು ಮಾತ್ರ ನಗಲಿಲ್ಲ. ಸೀರೆ ಸರಿಸಿ ಬಿಲ್ಲನ್ನು ಮುಟ್ಟಿ ನೋಡಿದರು. "ಹಲಗಲಿಗೆ ಹೊಂಟೀರೇನು?" ಅಂತ ಕೇಳಿದರು.

ಆ ಕಡೆಯವರ ಬಾಯಿಗೆ ಹಲಗಲಿ ಹಾಗೆ ಸುಮ್ಮನೆ ಬಂದುಬಿಡುತ್ತದೆ. 1857ರಲ್ಲಿ ಆಯುಧ ಒಪ್ಪಿಸಿ ಅಂತ ಕುಂಪಣಿ ಸರಕಾರ ಹುಕುಂ ಹೊರಡಿಸಿದಾಗ ಕೊಡುವುದಿಲ್ಲ ಅಂದ ಊರು ಅದು. ಜಡಗ, ಬಾಲ, ಹನುಮ, ರಾಮ ಅಂತ ಆ ಬೇಡರ ಹೆಸರು ಇವತ್ತಿಗೂ ಲಾವಣಿಯಲ್ಲಿ ಇವೆ. ಸೀರೆ ಸುತ್ತಿದ ಸೆಕೆಂಡ್ ಹ್ಯಾಂಡ್ ಬಿಲ್ಲು ಹಿಡಿದು ಮಾಮಾನ ಬಣವೆಗೆ ಹೊಡೆಯಲು ಹೊರಟ ನನಗೆ ಆ ಹೆಸರುಗಳ ಪಕ್ಕ ಕೂರುವ ಯೋಗ್ಯತೆ ಇರಲಿಲ್ಲ. ಇಲ್ಲರೀ, ಬೀಳಗಿ ಕ್ರಾಸ್ ಅಂದೆ. ಕೊಲ್ಹಾರದಲ್ಲಿ ಅವರು ಮೊಸರಿನ ಗಡಿಗೆ ತಗೊಂಡರು. ಅದನ್ನು ಇಡಲು ಜಾಗ ಮಾಡಿಕೊಡಬೇಕಾಯಿತು. ಗಡಿಗೆ ಮತ್ತು ಬಿಲ್ಲು ಎರಡನ್ನೂ ಹಿಡಿದುಕೊಂಡು ಕೃಷ್ಣೆಯ ಸೇತುವೆ ದಾಟಿದೆ. ಮುಂದಿನ ಬಿಲ್ಲು ಬಿಚ್ಚುವಂಥದ್ದೇ ಅಂತ ಅಲ್ಲೇ ತೀರ್ಮಾನ ಆಯಿತು.

ಬೆನ್ನು ತಿರುಗಿಸಿ ನಿಲ್ಲು

ಬೆಳಗಾವಿಯಲ್ಲಿ ನನ್ನ ದೋಸ್ತ ಒಬ್ಬ ಇದ್ದಾನೆ. ಹದಿನೈದು ವರ್ಷದಿಂದ ಬಿಲ್ಲಿನ ಹುಚ್ಚು. ಅವನ ಹತ್ತಿರ ಬಿಚ್ಚಿ ಜೋಡಿಸುವ ಮೂರು ತುಂಡಿನ ಟೇಕ್‌ಡೌನ್ ಲಾಂಗ್‌ಬೋ ಇತ್ತು. ಜುಲೈ ತಿಂಗಳು. ಬೆಳಗಾವಿ ಮಳೆ ಗೊತ್ತಲ್ಲ, ನಿಲ್ಲುವ ಲಕ್ಷಣ ಇರಲಿಲ್ಲ. ಅವನ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ನಿಂತೆವು. ನಾನು ಹೋದದ್ದು ಅವನ ಬಿಲ್ಲು ಎಳೆದು ನೋಡಲು. ಅವನು ಎಳೆಯಲು ಕೊಡಲಿಲ್ಲ. "ಗೋಡಿ ಕಡೆ ಮುಖ ಮಾಡಿ ನಿಲ್ಲು. ಬೆನ್ನು ಇತ್ತ ಇರಲಿ. ನಾ ಬಿಡತೀನಿ, ನೀ ಬರೇ ಕೇಳು" ಅಂದ.

ಮೊದಲನೆಯದು ಟ್ಯಾಂವ್. ಅದು ನನ್ನದೇ, ಬೇರೆ ಹೇಳಬೇಕಿಲ್ಲ. ಎರಡನೆಯದಕ್ಕೆ ಎರಡು ಸದ್ದು, ಟಪ್ ಮತ್ತು ಟಂ, ಒಂದರ ಬಾಲ ಹಿಡಿದು ಇನ್ನೊಂದು. ಅದು ರಿಕರ್ವ್ ಅಂದೆ. ಸರಿ ಇತ್ತು. ರಿಕರ್ವ್‌ನ ತುದಿ ಮುಂದಕ್ಕೆ ಬಾಗಿರುವುದರಿಂದ ಹೆದೆ ವಾಪಸ್ ಬಂದು ಆ ಬಾಗಿನ ಮೇಲೆ ಬಡಿಯುತ್ತದೆ. ಲಾಂಗ್‌ಬೋದಲ್ಲಿ ಹೆದೆ ತಾನು ಸಿಕ್ಕಿಕೊಳ್ಳುವ ತುದಿಯ ಕೊಪ್ಪಿನ ಹತ್ತಿರ ಬಿಟ್ಟರೆ ಬೇರೆಲ್ಲೂ ಬಿಲ್ಲನ್ನು ಮುಟ್ಟುವುದಿಲ್ಲ. ಮೂರನೆಯದಕ್ಕೆ ಥುಪ್, ಅಷ್ಟೇ. ಮಳೆ ಸದ್ದಿನಲ್ಲಿ ಹುಡುಕಬೇಕಾಯಿತು. ನಾಲ್ಕನೆಯದು ಅದಕ್ಕಿಂತ ಒಂಚೂರು ಜೋರು, ಆದರೂ ಮೆತ್ತಗೆ. ಮೂರು ನಾಲ್ಕು ಎರಡೂ ನಿನ್ನ ಟೇಕ್‌ಡೌನ್ ಅಂದೆ. ಇನ್ನೊಂದು ಸಲ ಯೋಚಿಸು ಅಂದ. ಯೋಚಿಸಿದೆ. ಹೌದು, ನಿನ್ನದೇ.

ತಿರುಗಿ ನೋಡಿದರೆ ಅವನ ಕೈಯಲ್ಲಿ ನನ್ನ ಬಿಲ್ಲು. ಬಾಣ ಮಾತ್ರ ಅವನದು.

ಒಂದು ನಿಮಿಷ ನನಗೆ ಮಾತೇ ಹೊರಡಲಿಲ್ಲ. ಅದೇ ಬಿಲ್ಲು, ಅದೇ ಹೆದೆ. ಬಾಣ ಬದಲಾದದ್ದಕ್ಕೆ ಪಿಂಜಾರ ಎದ್ದು ಹೋಗಿದ್ದ. ನಾನು ಹೊಸ ಬಿಲ್ಲಿಗೆ ಹಣ ಹೊಂದಿಸುತ್ತಾ ಕೂತಿದ್ದೆ. ಇಷ್ಟು ದಿನ ಬೇಕಾಗಿದ್ದದ್ದು ಒಂದು ಬಾಣ. ದೋಸ್ತ ತನ್ನ ಬಾಣಗಳಲ್ಲಿ ಒಂದನ್ನು ಕೊಟ್ಟ. "ಊರಿಗೆ ಹೋಗಿ ತೂಕ ಮಾಡಸು" ಅಂದ. ಕುಂದಾ ಕಟ್ಟಿಸಿಕೊಂಡು ಬಸ್ ಹತ್ತಿದೆ.

ಎರಡೂವರೆ ತೊಲಿ

ಬಾಣದ ತೂಕವನ್ನು ಗ್ರೇನ್ ಅನ್ನುವ ಸಣ್ಣ ಅಳತೆಯ ಲೆಕ್ಕದಲ್ಲಿ ಹೇಳುತ್ತಾರೆ. ಕಿರಾಣಿ ತಕ್ಕಡಿಯಲ್ಲಿ ಇದು ಸಿಗುವುದಿಲ್ಲ. ನಮ್ಮ ಓಣಿಯ ಪತ್ತಾರ ಮಾಮಾನ ಅಂಗಡಿಗೆ ಎರಡು ಬಾಣ ಹಿಡಿದು ಹೋದೆ. ಒಳಗೆ ಕಿವಿಯೋಲೆ ನೋಡುತ್ತಿದ್ದ ಹೆಣ್ಣುಮಕ್ಕಳು ಸರಿದು ಕೂತರು. ಮಾಮಾ ಕನ್ನಡಕ ಏರಿಸಿ "ಎಷ್ಟ ಕ್ಯಾರೆಟ್ ಅದ ಇದು?" ಅಂದರು. ಆದರೆ ಕೆಲಸದಲ್ಲಿ ಪಕ್ಕಾ. ಬಾಣ ತಟ್ಟೆಯಿಂದ ಹೊರಗೆ ಒರಗಬಾರದು ಅಂತ ಸಣ್ಣ ಡಬ್ಬಿ ಇಟ್ಟು, ಅದರಲ್ಲಿ ಬಾಣ ನಿಲ್ಲಿಸಿ, ಡಬ್ಬಿಯ ತೂಕ ಕಳೆದರು. ನನ್ನ ಬಾಣ 20 ಗ್ರಾಂ ಚಿಲ್ಲರೆ. ದೋಸ್ತನದು 29 ಗ್ರಾಂ ಚಿಲ್ಲರೆ.

ಇಲ್ಲಿ ಒಂದು ಚಂದದ ಲೆಕ್ಕ ಇದೆ. ಈಗ ಅಂಗಡಿಯಲ್ಲಿ ತೊಲಿ ಅಂದರೆ ಹತ್ತು ಗ್ರಾಂ ಅಂತ ಹಿಡಿಯುತ್ತಾರೆ. ಹಳೆ ತೊಲಿ 11.66 ಗ್ರಾಂ, 96 ಗುಂಜಿ. ಬ್ರಿಟಿಷರು 1833ರಲ್ಲಿ ಅದನ್ನು ಸರಿಯಾಗಿ 180 ಗ್ರೇನ್‌ಗೆ ನಿಲ್ಲಿಸಿದರು. ಅಂದರೆ ದೋಸ್ತನ ಬಾಣ 450 ಗ್ರೇನ್, ಎರಡೂವರೆ ತೊಲಿ. ನನ್ನದು 315, ಒಂದೂ ಮುಕ್ಕಾಲು ತೊಲಿ. ಬಿಲ್ಲಿನವರ ರೂಢಿ ಏನೆಂದರೆ, ಎಳೆತದ ಒಂದೊಂದು ಪೌಂಡಿಗೆ ಎಂಟು ಗ್ರೇನ್‌ಗಿಂತ ಕೆಳಗೆ ಇಳಿಯಬೇಡ, ಹತ್ತರ ಹತ್ತಿರ ಇದ್ದರೆ ಬಿಲ್ಲು ಸುಮ್ಮನಿರುತ್ತದೆ. ನಾನು ಆರು ಚಿಲ್ಲರೆಯಲ್ಲಿ ಹೊಡೆಯುತ್ತಿದ್ದೆ. ಬೇಗ ಹೋಗಲಿ ಅಂತ ಹಗುರ ಬಾಣ ತಗೊಂಡಿದ್ದು. ನನ್ನ ಹಿತ್ತಲು ಹದಿನೈದು ಮೀಟರ್. ಬೇಗ ಹೋಗಿ ಏನು ಮಾಡಬೇಕಿತ್ತೋ.

ಎಳೆತದ ಅಂಕಿಯಲ್ಲೂ ಒಂದು ಮೋಸ ಇದೆ. ಬಿಲ್ಲಿನ ಮೇಲೆ ಬರೆದ ಪೌಂಡು 28 ಇಂಚು ಎಳೆದಾಗಿನದು. ನನ್ನ ಕೈಗೆ ಬರುವುದು 26. ಇಂಚಿಗೆ ಎರಡೂವರೆ ಪೌಂಡಿನಂತೆ ಕಳೆದರೆ 55 ಅಂದದ್ದು 50. ಮಾಮಾನ ಹೊಲದಲ್ಲಿ ಹತ್ತಿ ಚೀಲ ತೂಗುವ ಕೊಂಡಿ ತಕ್ಕಡಿಗೆ ಹೆದೆ ಸಿಕ್ಕಿಸಿ ಎಳೆದು ನೋಡಿದೆವು. 22 ಕಿಲೋ ದಾಟಿತು. ಫಿಲ್ಟರ್ ನೀರಿನ 20 ಲೀಟರ್ ಕ್ಯಾನನ್ನು ಮೂರು ಬೆರಳಲ್ಲಿ ಎತ್ತಿ ಹಿಡಿದು, ಅಲುಗದೆ ಗುರಿ ನೋಡಬೇಕು. ನಲವತ್ತೈದು ದಾಟಿದ ಗುಮಾಸ್ತನಿಗೆ ಇದು ಬೇಕಾ?

ಹಾಗಾಗಿ ಭಾರ ಅಂದರೆ ಮೂರು ಬೇರೆ ಬೇರೆ ವಿಷಯ. ಎಳೆತದ ಭಾರ, ಬಾಣದ ಭಾರ, ಬಿಲ್ಲಿನ ಮೈಭಾರ. ನಾನು ಮೊದಲನೆಯದರ ಹಿಂದೆ ಬಿದ್ದಿದ್ದೆ. ಮೌನ ಇರುವುದು ಉಳಿದ ಎರಡರಲ್ಲಿ.

ಒಂದು ಕಿಲೋ ಇನ್ನೂರು ಗ್ರಾಂ

ಬಾಣ ಬದಲಾಯಿಸಿ ಸುಮ್ಮನಿರಬಹುದಿತ್ತು. ಸಪ್ಪಳ ಹೋಗಿತ್ತು, ನಿಜ. ಆದರೆ ಆ ಬಿಲ್ಲು ಬರೀ 600 ಗ್ರಾಂ. ಬಿಟ್ಟ ಕೂಡಲೇ ಅಂಗೈಗೆ ಗುದ್ದುವುದು ಪೂರ್ತಿ ನಿಂತಿರಲಿಲ್ಲ. ಹಗುರ ಎತ್ತಿಗೆ ಭಾರ ನೇಗಿಲು ಕಟ್ಟಿದ ಹಾಗೆ ಅದು ಪ್ರತಿಸಲ ಜಗ್ಗುತ್ತಿತ್ತು. ಅದೂ ಅಲ್ಲದೆ ಬಸ್ಸು ಇದೆಯಲ್ಲ.

ಟೇಕ್‌ಡೌನ್ ಲಾಂಗ್‌ಬೋಗಳಲ್ಲಿ ಎರಡು ಜಾತಿ. ಒಂದರಲ್ಲಿ ಹಿಡಿಯ ಹತ್ತಿರ ಕೊಳವೆಯಂಥ ಕೀಲು. ಎರಡು ತುಂಡನ್ನು ಒಂದರೊಳಗೊಂದು ತೂರಿಸುವುದು. ನೋಡಲು ಚಂದ, ಹಳೆ ಲಾಂಗ್‌ಬೋದ ಹಾಗೇ ಸಪೂರ, ಹಗುರ. ಇನ್ನೊಂದು ಮೂರು ತುಂಡಿನದು. ನಡುವೆ ಕೈಹಿಡಿಯ ದಪ್ಪ ಮರದ ತುಂಡು, ಅದೇ ರೈಸರ್; ಮೇಲೆ ಕೆಳಗೆ ಬೋಲ್ಟಿನಿಂದ ಬಿಗಿಯುವ ತೋಳುಗಳು, ಅಂದರೆ ಲಿಂಬ್‌ಗಳು. ಹಳೆ ರೂಢಿಯ ಜನ ಇದನ್ನು ನೋಡಿ ಮೂಗು ಮುರಿಯುತ್ತಾರೆ. ಇದು ಲಾಂಗ್‌ಬೋ ಅಲ್ಲ, ಬಾಗಿಲ ಚೌಕಟ್ಟು ಅನ್ನುತ್ತಾರೆ. ನನಗೆ ಆ ಚೌಕಟ್ಟೇ ಬೇಕಿತ್ತು. ಹೆದೆಯ ನಡುಕ ಕೈಗೆ ಬರುವ ಮೊದಲು ಆ ದಪ್ಪ ಮರವನ್ನು ಅಲುಗಿಸಬೇಕು. ಒಂದು ಕಿಲೋ ಮರ ಸುಲಭಕ್ಕೆ ಅಲುಗುವುದಿಲ್ಲ. ಚಾಚಿದ ಕೈಯಲ್ಲಿ ಬಿಲ್ಲು ತೂಗಾಡುವುದೂ ಕಡಿಮೆ. ಮೊದಲ ವಾರ ಭುಜ ಬಿದ್ದುಹೋಗುತ್ತದೆ ಅನಿಸಿತು, ಆಮೇಲೆ ಒಗ್ಗಿತು.

ಇನ್ನೊಂದು ಲಾಭ ಅಂಗಡಿಯವರು ಒತ್ತಿ ಹೇಳುವುದಿಲ್ಲ. ರೈಸರ್ ಅದೇ ಇಟ್ಟು ಲಿಂಬ್ ಮಾತ್ರ ಬದಲಾಯಿಸಬಹುದು. 35 ಪೌಂಡಿನಲ್ಲಿ ಶುರು ಮಾಡಿ, ಕೈ ಪಳಗಿದಮೇಲೆ ಮುಂದಿನದು. ಇದು ಮೊದಲೇ ಗೊತ್ತಿದ್ದರೆ ನನ್ನ ಮೊಣಕೈ ಉಳಿಯುತ್ತಿತ್ತು. ನಾನು 66 ಇಂಚಿನ ಬಿಲ್ಲು, 45 ಪೌಂಡಿನ ಲಿಂಬ್ ತಗೊಂಡೆ. ನನ್ನ 26 ಇಂಚಿಗೆ ಅದು 40. ಬಿಚ್ಚಿದರೆ ಉದ್ದದ ತುಂಡು ಎರಡೂಕಾಲು ಅಡಿ. ಬ್ಯಾಡ್ಮಿಂಟನ್ ಚೀಲದಲ್ಲಿ ಕೂರುತ್ತದೆ. ಕಂಡಕ್ಟರ್ ಈಗ ತಿರುಗಿಯೂ ನೋಡುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ತೂಗಿಸಿದೆ, ಒಂದು ಕಿಲೋ ಇನ್ನೂರು ಗ್ರಾಂ. ಎಳೆತ ಹತ್ತು ಪೌಂಡು ಇಳಿಯಿತು, ಬಿಲ್ಲಿನ ಮೈಭಾರ ಎರಡು ಪಟ್ಟಾಯಿತು, ಬಾಣಕ್ಕೆ ಮುಕ್ಕಾಲು ತೊಲಿ ಸೇರಿತು. ಬಾಣದ ಮುಂದಿನ ಮೊಳೆ ಭಾರದ್ದು ಹಾಕಿದರೆ ಬಾಣ ಹೊರಡುವಾಗ ಜಾಸ್ತಿ ಬಳುಕುತ್ತದೆ. ಅದಕ್ಕೆ ಕಡ್ಡಿಯೂ ಗಟ್ಟಿಯದು ಬೇಕು. ಬರೀ ಮೊಳೆ ಬದಲಾಯಿಸಿ ನಾನು ನಾಲ್ಕು ಬಾಣ ಅಡ್ಡಾದಿಡ್ಡಿ ಹೊಡೆದು ಬುದ್ಧಿ ಕಲಿತೆ.

ಆಮೇಲಿನದೆಲ್ಲ ಸಣ್ಣ ಸಪ್ಪಳಗಳ ಬೇಟೆ. ಹಿಡಿಯಿಂದ ಹೆದೆಗೆ ಇರುವ ಅಂತರ ಕಡಿಮೆ ಇದ್ದರೆ ಹೆದೆ ಗುಂಯ್‌ಗುಡುತ್ತದೆ, ಮಣಿಕಟ್ಟಿಗೂ ಬಡಿಯುತ್ತದೆ. ಹೆದೆಯನ್ನು ಕೊಪ್ಪಿನಿಂದ ಬಿಚ್ಚಿ ನಾಲ್ಕು ಸುತ್ತು ಹುರಿ ಹಾಕಿ ಮತ್ತೆ ಏರಿಸಿದರೆ ಅಂತರ ಒಂಚೂರು ಏರುತ್ತದೆ. ಆರೂವರೆ ಇಂಚಿನಿಂದ ಶುರು ಮಾಡಿ ಒಂದೊಂದೇ ಗೆರೆ ಏರಿಸುತ್ತಾ ಹೋದೆ. ಏಳೂಕಾಲರಲ್ಲಿ ಅದು ಸುಮ್ಮನಾಯಿತು. ಹೆದೆ ಡೇಕ್ರಾನ್ ನೂಲಿನದೇ ಇಟ್ಟೆ. ಹೊಸ ನಮೂನೆಯ ಹೆದೆಗಿಂತ ತುಸು ಹಿಗ್ಗುತ್ತದೆ, ಅದಕ್ಕೇ ಮೆತ್ತಗೆ. ಹೆದೆಗೆ ಕಟ್ಟುವ ರಬ್ಬರ್ ಮೀಸೆಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ನಾನು ಕಂಬಳಿ ನೇಯುವವರ ಹತ್ತಿರ ಒಂದು ಹಿಡಿ ಕುರಿ ಉಣ್ಣೆ ನೂಲು ಬೇಡಿ ತಂದು, ಎರಡೂ ತುದಿಯಿಂದ ಕಾಲು ಭಾಗದಲ್ಲಿ ಒಂದೊಂದು ಕುಚ್ಚು ಕಟ್ಟಿದೆ. ರಬ್ಬರಿಗಿಂತ ಕೆಲಸ ಚೆನ್ನ. ಮಳೆಯಲ್ಲಿ ನೀರು ಕುಡಿದು ಭಾರ ಆಗುತ್ತದೆ. ವಿಜಯಪುರದಲ್ಲಿ ಆ ಚಿಂತೆ ಎಷ್ಟು ದಿನದ್ದು?

ಒಂದು ‘ಟಿಕ್’ ಮಾತ್ರ ಬಹಳ ಕಾಡಿತು. ಬಿಚ್ಚುವ ಬಿಲ್ಲಿನ ಶಾಪ ಅದು. ಹೆದೆ ಬದಲಾಯಿಸಿದೆ, ಉಣ್ಣೆ ಸರಿಸಿದೆ, ಹೋಗಲಿಲ್ಲ. ಕೊನೆಗೆ ನೋಡಿದರೆ ಲಿಂಬ್ ಕೂರುವ ಜಾಗದಲ್ಲಿ ಮರಕ್ಕೆ ಮರ ತಾಗುತ್ತಿತ್ತು. ಅಥಣಿ ಚಪ್ಪಲಿ ಹೊಲಿಯುವವರೊಬ್ಬರ ಹತ್ತಿರ ಕಾಗದದಷ್ಟು ತೆಳ್ಳಗೆ ಕೆತ್ತಿದ ತೊಗಲು ಇಸಿದುಕೊಂಡು, ಮೇಲೆ ಕೆಳಗೆ ಎರಡೂ ಕಡೆ ಒಂದೇ ದಪ್ಪದ ತುಂಡು ಹಾಕಿದೆ. ಒಂದೇ ಕಡೆ ಹಾಕಿದರೆ ಬಿಲ್ಲಿನ ಸಮತೋಲ ತಪ್ಪುತ್ತದೆ. ಉಳಿದ ಚೂರನ್ನು ಬಾಣ ಕೂರುವ ಜಾಗಕ್ಕೆ ಅಂಟಿಸಿದೆ. ಟಿಕ್ ಹೋಯಿತು.

ಈಗ ಕೇಳುವುದು ಬಾಣ ಗೋಣಿಗೆ ನೆಡುವ ಸದ್ದು ಒಂದೇ. ಅದೂ ಹೆಚ್ಚು ಕಡಿಮೆ ಹೋಗಿದೆ. ಹೇಗೆಂದರೆ, ಅವ್ವ ಆ ಮೊದಲ ದಿನದ ಮಾತು ಮರೆತಿರಲಿಲ್ಲ. "ಪಿಂಜಾರನ್ನ ನಿಲ್ಲಸು ಅಂದ್ರ ನಿಲ್ಲಸಲಿಲ್ಲ ನೀ" ಅಂತ ವಾರಕ್ಕೊಮ್ಮೆ ನೆನಪು ಮಾಡುತ್ತಿದ್ದಳು. ನಮ್ಮ ಓಣಿಗೆ ಪಿಂಜಾರ ಬರುವುದು ನಿಂತೇ ಹೋಗಿದೆ. ಕೊನೆಗೆ ಗಾದಿಯನ್ನು ಆಟೋದಲ್ಲಿ ಹಾಕಿಕೊಂಡು ಮಶಿನ್ ಅಂಗಡಿಗೆ ಒಯ್ದೆ. ಅಲ್ಲಿಯವನು ಹೊಸ ಹತ್ತಿ ಸೇರಿಸಿ, ಕೆಲಸಕ್ಕೆ ಬಾರದ ಹಳೆ ತುಂಡು ಹತ್ತಿಯನ್ನು ಒಂದು ಚೀಲದಲ್ಲಿ ತುಂಬಿ ವಾಪಸ್ ಕೊಟ್ಟ. ಅದನ್ನು ಒತ್ತಿ ಒತ್ತಿ ಗೋಣಿಯಲ್ಲಿ ತುಂಬಿದ್ದೇನೆ. ಬಾಣ ಅದರಲ್ಲಿ ಗರಿಯವರೆಗೆ ಇಳಿಯುತ್ತದೆ. ಎಳೆದು ತೆಗೆಯುವಾಗ ಕೈತುಂಬ ಧೂಳು ಹತ್ತಿ.

ಮೊನ್ನೆ ಮಧ್ಯಾಹ್ನ ಇಪ್ಪತ್ತು ಬಾಣ ಬಿಟ್ಟು ಒಳಗೆ ಬಂದೆ. ಅವ್ವ ಹೊಸ ಗಾದಿಯ ಮೇಲೆ ಎದ್ದು ಕೂತಿದ್ದಳು. "ತಲಿ ಯಾಕೋ ಬೆಳ್ಳಗಾಗೇದ?" ಅಂದಳು.